ಡುಫಿಯೆ ಮತ್ತು ಬಿರಾಗೊ ಕುಟ್ಟಿದ ಫುಫು

ಬೆಕ್ವಾಯ್ ಊರಿನ ನಮ್ಮ ವಠಾರದಲ್ಲಿ ಲಾರಿ ಓಡಿಸುವ ಅದುಸೆಗೆ ಇಬ್ಬರು ಹೆಂಡಿರು. ಹಿರಿಯವಳು ಡುಫಿಯೆ, ಕಿರಿಯವಳು ಬಿರಾಗೊ. ಇಬ್ಬರಿಗೂ ಮಕ್ಕಳಿರಲಿಲ್ಲ. ಅಂಗಳದ ಆ ತುದಿಗೊಬ್ಬಳ ಕೋಣೆ, ಈ ತುದಿಗೊಬ್ಬಳದು. ಒಬ್ಬರನ್ನು ಕಂಡರೆ ಒಬ್ಬರಿಗೆ ಆಗದು. ಆದರೆ ಕುಟ್ಟಿ ಮಾಡುವ ಫುಫು ಮುದ್ದೆ ಒಂಟಿ ಕೈಯ ಅಡುಗೆಯಲ್ಲ. ಸಂಜೆ ಬೆಂದ ಮರಗೆಣಸು, ಬಾಳೆಕಾಯಿ ಒರಳಿಗೆ ಬಿದ್ದೊಡನೆ ಇಬ್ಬರೂ ಬಂದು ಸೇರುತ್ತಿದ್ದರು. ಬಿರಾಗೊ ನಿಂತು ಒನಕೆ ಹಾಕುವಳು. ಡುಫಿಯೆ ಮಣೆಯ ಮೇಲೆ ಕೂತು, ಒನಕೆ ಮೇಲೆದ್ದಾಗ ಒದ್ದೆ ಕೈ ಹಾಕಿ ಮುದ್ದೆ ತಿರುವುವಳು.

"ಮೆಲ್ಲಗೆ ಹಾಕೇ. ಗಂಡನ್ನ ಹಂಚ್ಕೊಂಡಿದೀನಿ, ಬೆರಳೂ ಕೊಡಕ್ಕಾಗಲ್ಲ."

"ಬೇಗ ಕೈ ತೆಗಿಯಕ್ಕ. ವಯಸ್ಸಾಯ್ತು ಅಂತ ಒನಕೆ ಕಾಯಲ್ಲ."

ಅವರ ನಡುವೆ ನಡೆಯುತ್ತಿದ್ದ ಮಾತು ಅಷ್ಟೇ. ಡುಫಿಯೆಯ ಬೆರಳಿಗೆ ಒಮ್ಮೆಯೂ ಪೆಟ್ಟು ಬಿದ್ದದ್ದನ್ನು ನಾನು ಕಾಣೆ.

ಅದುಸೆ ಜ್ವರದಲ್ಲಿ ತೀರಿಕೊಂಡ. ಉತ್ತರಕ್ರಿಯೆ ಮುಗಿದ ಮೇಲೆ ಬಿರಾಗೊಳ ಅಣ್ಣ ಅವಳನ್ನು ಕರೆದೊಯ್ಯಲು ಬಂದ. ಗಂಟು ಹಿಡಿದು ಅವಳು ಡುಫಿಯೆಯ ಬಾಗಿಲಿಗೆ ಬಂದು ನಿಂತಳು.

"ಅಕ್ಕ, ಹೋಗ್ಲಾ?"

ಡುಫಿಯೆ ಬಗ್ಗಿ ಅಂಗಳ ಗುಡಿಸುತ್ತಿದ್ದಳು. "ಹೋಗೋರನ್ನ ಹಿಡ್ಕೊಳ್ಳೋಕೆ ನಾನ್ಯಾರು?"

ಬಿರಾಗೊ ಗಂಟನ್ನು ತಲೆಗೇರಿಸಿಕೊಂಡಳು. ಆಮೇಲೆ ಹೋದಳು.

ಮೊದಮೊದಲು ಡುಫಿಯೆಗೆ ಹಗುರವೆನಿಸಿರಬೇಕು. ಇಡೀ ಅಂಗಳಕ್ಕೆ ತನ್ನ ಬಟ್ಟೆ ಒಣಗಹಾಕಿದಳು. ಸಂಜೆಯಾದರೆ ಮಾತ್ರ ಏನು ಮಾಡಬೇಕೆಂದು ತೋಚುತ್ತಿರಲಿಲ್ಲ. ಪಕ್ಕದ ಮನೆಯ ನಾನೇ ಒನಕೆ ಹಿಡಿದೆ. ನನ್ನ ಪೆಟ್ಟಿಗೆ ಹೆದರಿ ಅವಳು ಪ್ರತಿ ಸಲವೂ ಕೈ ಎಳೆದುಕೊಂಡಳು. ಮುದ್ದೆ ತುಂಬ ಗಂಟು. ಆಮೇಲೆ ಅಂಗಡಿಯಿಂದ ಪೊಟ್ಟಣದ ಫುಫು ಹಿಟ್ಟು ತಂದು ಒಲೆಯ ಮೇಲೆ ತಾನೇ ತಿರುವಿದಳು. "ಗೋಡೆಗೆ ಕಾಗದ ಅಂಟಿಸ್ಬಹುದು," ಎಂದು ಪಕ್ಕಕ್ಕಿಟ್ಟಳು.

ಒಂದು ಭಾನುವಾರ ಹೊಗೆಮೀನು ಹಾಕಿ ಕಡಲೆಬೀಜದ ಸಾರು ಮಾಡಿದಳು. ನನ್ನನ್ನೂ ಜೊತೆಗೆ ಕರೆದುಕೊಂಡು ಬಿರಾಗೊಳ ತವರಿಗೆ ಹೊರಟಳು. ವ್ಯಾನಿನಲ್ಲಿ ದಾರಿಯುದ್ದಕ್ಕೂ ಸಾರಿನ ಪಾತ್ರೆ ಅವಳ ತೊಡೆಯ ಮೇಲೇ ಇತ್ತು.

ಅಲ್ಲಿ ಬಿರಾಗೊ ಫುಫು ಕುಟ್ಟುತ್ತಿದ್ದಳು, ಅತ್ತಿಗೆ ತಿರುವುತ್ತಿದ್ದಳು. ಕೈ ಒಳಗೆ, ಒನಕೆ ಮೇಲೆ. ಒನಕೆ ಕೆಳಗೆ, ಕೈ ಹೊರಗೆ. ಡುಫಿಯೆ ಬೇಲಿಯ ಬಳಿಯೇ ನಿಂತುಬಿಟ್ಟಳು.

"ಬಾ ಅಕ್ಕ, ಕೂತ್ಕೋ," ಎಂದಳು ಬಿರಾಗೊ, ಬೆವರು ಒರೆಸಿಕೊಳ್ಳುತ್ತ.

ಊಟಕ್ಕೆ ಕೂತಾಗ ಎಲ್ಲರ ಮುದ್ದೆಗೂ ಡುಫಿಯೆಯ ಸಾರನ್ನೇ ಬಡಿಸಿದಳು. ಒಂದು ತುತ್ತು ನುಂಗಿ, "ನಿನ್ನ ಕೈ ಖಾರ ಹಂಗೇ ಇದೆ," ಎಂದು ನಕ್ಕಳು.

"ನಿನ್ನ ಕೋಣೆಗೆ ಇನ್ನೂ ಯಾರೂ ಬಂದಿಲ್ಲ," ಎಂದಳು ಡುಫಿಯೆ.

ಬಿರಾಗೊ ಬೆರಳು ನೆಕ್ಕಿಕೊಂಡಳು. "ಆವತ್ತು ನಿನ್ನ ಬಾಗಿಲಲ್ಲಿ ನಿಂತು ಕೇಳ್ದೆ. ನೀನು ತಲೆ ಎತ್ತಲಿಲ್ಲ."

"ಗುಡಿಸ್ತಿದ್ದೆ."

"ಅಂಗಳದಲ್ಲಿ ಕಸಾನೇ ಇರಲಿಲ್ಲ ಅಕ್ಕ."

ದನಿಯಲ್ಲಿ ಸಿಟ್ಟಿರಲಿಲ್ಲ. ಇನ್ನೊಂದು ಮೀನಿನ ತುಂಡನ್ನು ಡುಫಿಯೆಯ ಬಟ್ಟಲಿಗೆ ಹಾಕಿದಳು. ಡುಫಿಯೆ ಅದನ್ನು ತಿಂದಳು. ಸಂಜೆಯ ವ್ಯಾನಿಗೆ ನಾವಿಬ್ಬರೇ ಮರಳಿದೆವು.

ಈಗ ಡುಫಿಯೆ ಬಾಳೆಕಾಯಿಯನ್ನು ಕುಟ್ಟುವುದಿಲ್ಲ, ಬೇಯಿಸಿ ಹಾಗೇ ಸೊಪ್ಪಿನ ಗೊಜ್ಜಿನ ಜೊತೆ ತಿನ್ನುತ್ತಾಳೆ. ಬೇರೆ ಮನೆಗಳವರು ಒನಕೆ ಎತ್ತುವ ಹೊತ್ತಿಗೆ ಅವಳ ಬಾಗಿಲು ಮುಚ್ಚಿರುತ್ತದೆ. ನಾನು ಒಂದು ಬಟ್ಟಲು ಫುಫು ಹಿಡಿದು ಹೋದರೆ, "ಅಲ್ಲೇ ಇಡು, ಆಮೇಲೆ ತಿಂತೀನಿ," ಎಂದು ಒಳಗಿನಿಂದಲೇ ಹೇಳುತ್ತಾಳೆ.