ಅತ್ತಿಗೆಯ ವೇಷ, ಹಳೆಯ ಟಿ.ವಿ.

ಈ ಡಿಸ್ಕನ್ನು ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು, ಮಾಡಲೇ ಎಂದು ನನ್ನ ಲ್ಯಾಪ್‌ಟಾಪ್ ಕೇಳಿತು. ಒಳಗಿರುವುದನ್ನೆಲ್ಲ ಅಳಿಸಿಬಿಡಲೇ ಎಂಬುದನ್ನು ಇಷ್ಟು ಸೌಜನ್ಯದಿಂದ ಕೇಳಬಹುದೆಂದು ನನಗೆ ಗೊತ್ತಿರಲಿಲ್ಲ. ಬೇಡ ಎಂದು ಒತ್ತಿ, ಕೇಬಲ್ ಬಿಡಿಸಿ, ಡಿಸ್ಕನ್ನು ಚಹಾದ ಲೋಟದಿಂದ ಸಾಕಷ್ಟು ದೂರ ಇಟ್ಟೆ.

ಅದರೊಳಗೆ ಅತ್ತಿಗೆಯ ಯಕ್ಷಗಾನ ಇತ್ತು. ದೋಹಾದಲ್ಲಿರುವ ನಮ್ಮ ಕಡೆಯವರು ಸೇರಿ ಆಡಿದ ಪ್ರಸಂಗ. ಮನೆಯಲ್ಲಿ ಪಾತ್ರೆ ಬಿದ್ದರೂ ದನಿ ಏರಿಸದ ಅತ್ತಿಗೆ ಅದರಲ್ಲಿ ರಾಕ್ಷಸನಾಗಿದ್ದರು. ಉಡುಪಿಯ ಹತ್ತಿರ ಇರುವ ಅವರ ಅಪ್ಪನಿಗೆ ಆಟದ, ಅಂದರೆ ಯಕ್ಷಗಾನದ, ಹುಚ್ಚು. ಚಿಕ್ಕಂದಿನಲ್ಲಿ ಮಗಳಿಗೆ ಹೆಜ್ಜೆ ಕಲಿಸಿದವರೂ ಅವರೇ, ದೊಡ್ಡವಳಾದ ಮೇಲೆ ರಂಗಸ್ಥಳಕ್ಕೆ ಹೋಗುವುದು ಬೇಡ ಎಂದವರೂ ಅವರೇ. ಈಗ ತಾವಾಗಿಯೇ, "ಕಳಿಸು, ನೋಡುವ," ಎಂದಿದ್ದರು. ಆದರೆ ಫೋನಿನಲ್ಲಿ ನೋಡುವುದಿಲ್ಲ, ಅದರಲ್ಲಿ ರಾಕ್ಷಸ ಹೆಬ್ಬೆರಳಷ್ಟು ಕಾಣುತ್ತಾನಂತೆ. ಟಿ.ವಿ.ಯೇ ಆಗಬೇಕು. ಇಂಟರ್ನೆಟ್ಟಿಗೆ ಹಾಕೋಣ ಎಂದರೆ ಅತ್ತಿಗೆ ಒಪ್ಪಲಿಲ್ಲ. "ಊರಿಗೆಲ್ಲ ಅಲ್ಲ, ಅಪ್ಪನಿಗೆ," ಎಂದರು.

ದೋಹಾದ ಅಬು ಹಮೂರಿನಲ್ಲಿ ನಮ್ಮ ಮನೆಗಳ ಸಾಲಿನಿಂದ ಯಾರು ಊರಿಗೆ ಹೊರಟರೂ ಉಳಿದವರ ಪೊಟ್ಟಣಗಳು ಅವರ ಪೆಟ್ಟಿಗೆ ಸೇರುತ್ತವೆ. ಈ ಸಲ ಶುಕ್ರವಾರ ಮಧ್ಯಾಹ್ನದ ವಿಮಾನಕ್ಕೆ ಪಕ್ಕದ ಮನೆಯ ಕಾಕ ಹೊರಟಿದ್ದರು. ಬುಧವಾರವೇ ಅಣ್ಣ ಡಿಸ್ಕಿಗೆ ಕಂದು ಟೇಪು ಸುತ್ತಿ, ಮೇಲೆ ವಿಳಾಸ ಬರೆದು ಕೊಟ್ಟಾಗಿತ್ತು. ಒಮ್ಮೆಯೂ ಬೇರೆ ಕಂಪ್ಯೂಟರಿನಲ್ಲಿ ಹಾಕಿ ನೋಡಿರಲಿಲ್ಲ. ನಾನು ಹೋಗಿ ವಾಪಸು ಕೇಳಿ ತಂದು, ಟೇಪು ಕತ್ತರಿಸಿ, ನನ್ನ ವಿಂಡೋಸ್ ಲ್ಯಾಪ್‌ಟಾಪಿಗೆ ಚುಚ್ಚಿದಾಗಲೇ ಆ ಪ್ರಶ್ನೆ ಬಂದದ್ದು.

"ಎಂತ ಮಾರಾಯ್ತಿ, ನನ್ನ ಮ್ಯಾಕಿನಲ್ಲಿ ಚಂದ ಓಡ್ತದೆ," ಎಂದ ಅಣ್ಣ.

"ಅತ್ತಿಗೆಯ ಅಪ್ಪನ ಮನೆಯಲ್ಲಿ ಮ್ಯಾಕ್ ಉಂಟಾ?"

ಡಿಸ್ಕನ್ನು ಅಣ್ಣ ಮ್ಯಾಕ್ ಮಾತ್ರ ಓದಬಲ್ಲ ಕ್ರಮದಲ್ಲಿ ಫಾರ್ಮ್ಯಾಟ್ ಮಾಡಿದ್ದ. ಆಟವನ್ನು ಚಿತ್ರೀಕರಿಸಿದ ಅಣ್ಣನ ಗೆಳೆಯ ಕ್ಯಾಮೆರಾದ ಕಾರ್ಡನ್ನು ಆಗಲೇ ಅಳಿಸಿ ಇನ್ನಾರದೋ ನಾಮಕರಣಕ್ಕೆ ಒಯ್ದಿದ್ದ. ಅಂದರೆ ಇರುವುದು ಇದೊಂದೇ ಪ್ರತಿ. ನಾನು ಮೊದಲು ಅದನ್ನು ಮ್ಯಾಕಿಗೆ ಇಳಿಸಿಕೊಂಡು, ಆರಂಭ, ನಡು, ಮಂಗಳ ಎಲ್ಲವೂ ಓಡುತ್ತವೆಯೇ ಎಂದು ನೋಡಿ, ಆಮೇಲಷ್ಟೇ ಎರಡೂ ಕಂಪ್ಯೂಟರುಗಳಿಗೆ ಒಪ್ಪುವ ಹಾಗೆ ಡಿಸ್ಕನ್ನು ಫಾರ್ಮ್ಯಾಟ್ ಮಾಡಿದೆ. ನಮ್ಮ ಟಿ.ವಿ.ಯಲ್ಲೂ ಓಡಿತು. ಅಣ್ಣ ಟೇಪು ತಂದು ಮತ್ತೆ ಸುತ್ತಿದ.

"ಅಲ್ಲಿನ ಟಿ.ವಿ. ಯಾವುದು?" ಎಂದೆ.

"ನಾನೇ ಕಳಿಸಿದ್ದು, ಮದುವೆಯ ವರ್ಷ. ಕಾಕನೂ ನಾನೂ ಒಟ್ಟಿಗೆ ಹೋಗಿ ಒಂದೇ ನಮೂನೆಯ ಎರಡು ತಗೊಂಡಿದ್ದೆವು. ಒಂದು ಕಾರ್ಗೋದಲ್ಲಿ ಮಾವನಿಗೆ ಹೋಯ್ತು, ಇನ್ನೊಂದು ಕಾಕನ ಹಾಲ್‌ನಲ್ಲಿ ಉಂಟು. ಎರಡೂ ಇವತ್ತಿಗೂ ಓಡ್ತಾ ಉಂಟು," ಎಂದು ಹೆಮ್ಮೆಯಿಂದ ಹೇಳಿದ.

ಗುರುವಾರ ಸಂಜೆ ವೆಸ್ಟ್ ಬೇಯ ಆಫೀಸಿನಿಂದ ಬಂದವಳೇ ಡಿಸ್ಕ್, ಮ್ಯಾಕ್, ಕತ್ತರಿ ಹಿಡಿದು ಕಾಕನ ಮನೆಗೆ ಹೋದೆ. ಪೆಟ್ಟಿಗೆಗಳನ್ನು ತೂಗುತ್ತಿದ್ದ ಅವರು, ನಾನು ಟೇಪು ಕತ್ತರಿಸಿದ್ದನ್ನು ನೋಡಿ ನಕ್ಕರು.

"ಮತ್ತೆ ಬಿಚ್ಚಿದ್ಯಾ? ಇದರಲ್ಲಿ ಡಿಸ್ಕ್ ಉಂಟಾ ತಂಗಿ, ಹಲ್ವಾ ಉಂಟಾ?"

ಊರಿನದೇ ನಮೂನೆಯ ಅವರ ಟಿ.ವಿ.ಗೆ ಡಿಸ್ಕನ್ನು ಚುಚ್ಚಿದೆ. ಏನೂ ಕಾಣಿಸುತ್ತಿಲ್ಲ ಎಂದಿತು. ಅಲ್ಲೇ ಸೋಫಾದ ತುದಿಯಲ್ಲಿ ಕೂತು ಡಿಸ್ಕನ್ನು ಇನ್ನೊಮ್ಮೆ, ಎಲ್ಲಕ್ಕಿಂತ ಹಳೆಯ ಕ್ರಮದಲ್ಲಿ ಫಾರ್ಮ್ಯಾಟ್ ಮಾಡಿದೆ. ಈಗ ಟಿ.ವಿ. ಗುರುತು ಹಿಡಿಯಿತು. ಆದರೆ ಆ ಕ್ರಮದಲ್ಲಿ ನಾಲ್ಕು ಜಿ.ಬಿ.ಗಿಂತ ದೊಡ್ಡ ಫೈಲು ಹಿಡಿಸುವುದಿಲ್ಲ. ನಮ್ಮದು ಒಂಬತ್ತಕ್ಕಿಂತ ಹೆಚ್ಚಿತ್ತು.

ಕಾಕನಿಗೆ ವಿವರಿಸಿದೆ. "ವಿಮಾನದವರೂ ಹೀಗೇ ಅಲ್ವಾ," ಎಂದರು. "ಒಂದು ಪೆಟ್ಟಿಗೆಯಲ್ಲಿ ಆಗದಿದ್ದರೆ ಮೂರು ಮಾಡು. ಖಲಾಸ್."

ಮೂರು ಮಾಡಲು ಹೊರಟೆ. ಮೊದಲನೆಯ ಭಾಗದ ಮಿತಿ ಮುಗಿಯುವುದು ಸರಿಯಾಗಿ ರಾಕ್ಷಸನ ಪ್ರವೇಶದಲ್ಲಿ. ಸಭಾಂಗಣದಲ್ಲಿ ಬೆಂಕಿಗೆ ಅನುಮತಿ ಇಲ್ಲದ್ದರಿಂದ ದೀವಟಿಗೆಯ ಬದಲು ಜನರೆಲ್ಲ ಫೋನಿನ ಟಾರ್ಚು ಎತ್ತಿ ಹಿಡಿದಿದ್ದರು. ಆ ಬೆಳಕಿನ ನಡುವೆ ಹಿಂದಿನ ಬಾಗಿಲಿನಿಂದ ಅತ್ತಿಗೆ ಅಬ್ಬರಿಸುತ್ತ ಬರುತ್ತಾರೆ. ಅದೇ ಗಳಿಗೆಗೆ ಕ್ಯಾಮೆರಾದ ಪಕ್ಕದಿಂದ ಒಂದು ದನಿ, ಚೆಂಡೆಗಿಂತ ಜೋರಾಗಿ, ಹೋ ಎಂದು ಎಳೆದು ಕೂಗುತ್ತದೆ.

ಆ ದನಿ ನನ್ನದು. ಆಫೀಸಿನಲ್ಲಿ, ಈ ಮೀಟಿಂಗ್ ರೂಮನ್ನು ನಾವು ಬುಕ್ ಮಾಡಿದ್ದೇವೆ ಎಂದು ಹೇಳುವುದಕ್ಕೂ ನಾನು ಇಮೇಲ್ ಕಳಿಸುವವಳು. ಯಾರೂ ಗುರುತು ಹಿಡಿದಿಲ್ಲ ಎಂದುಕೊಂಡಿದ್ದೆ. ಕೂಗು ಇದ್ದದ್ದು ಹನ್ನೊಂದು ಸೆಕೆಂಡು. ಎರಡು ಭಾಗಗಳ ನಡುವೆ ಅಷ್ಟು ಕಳೆದುಹೋದರೆ ತಂತ್ರಜ್ಞಾನದ ತೊಂದರೆ ಎಂದು ಯಾರಾದರೂ ನಂಬುತ್ತಾರೆ. ಆದರೆ ಅತ್ತಿಗೆಯ ಅಬ್ಬರವೂ ಆ ಹನ್ನೊಂದು ಸೆಕೆಂಡಿನಲ್ಲೇ ಇತ್ತು. ದನಿ ತಗ್ಗಿಸಿ ಮತ್ತೆ ಮತ್ತೆ ಕೇಳಿದೆ. ಸಾಕಷ್ಟು ತಗ್ಗಿಸಿರಲಿಲ್ಲ ಎಂದು ಕಾಣುತ್ತದೆ. ಕಾಕನ ಹೆಂಡತಿ ಅಡುಗೆಮನೆಯ ಬಾಗಿಲಿಗೆ ಬಂದರು.

"ಅದು ನೀನಾ?"

"ಹೌದು."

"ಮಾಶಾ ಅಲ್ಲಾ," ಎಂದು ಅವರು ಒಳಗೆ ಹೋದರು.

ರಾಕ್ಷಸನ ಪ್ರವೇಶಕ್ಕಿಂತ ಎರಡು ನಿಮಿಷ ಮೊದಲು, ಭಾಗವತರು ನೀರು ಕುಡಿಯುವ ಕಡೆ ಕತ್ತರಿಸಿದೆ. ಮೂರೂ ಭಾಗ ಡಿಸ್ಕಿಗೆ ಇಳಿಯುವಷ್ಟರಲ್ಲಿ ಊಟವಾಯಿತು. ಟಿ.ವಿ.ಯಲ್ಲಿ ರಾಕ್ಷಸ ಬಂದಾಗ ಕಾಕ ತಕ್ಕಡಿ ಬಿಟ್ಟು ನಿಂತರು. ಅಣ್ಣ ಟೇಪು ಹಿಡಿದು ಬಾಗಿಲಲ್ಲಿ ಕಾಯುತ್ತಿದ್ದ.

ಭಾನುವಾರ ಸಂಜೆ ಫೋನು ಬಂತು. ಅತ್ತಿಗೆ ಸ್ಪೀಕರಿಗೆ ಹಾಕಿ, ಎರಡೂ ಕೈ ಮಡಿಲಲ್ಲಿಟ್ಟು ಕೂತರು.

"ಬಲಗಾಲು ತಡ ಆಯ್ತು," ಎಂದರು ಅವರ ಅಪ್ಪ. "ಕಿರೀಟ ಸಡಿಲ." ಆಮೇಲೆ ಸೇರಿಸಿದರು, "ಎರಡು ಸರ್ತಿ ನೋಡಿದೆ. ಮುಂದಿನ ಆಟದ್ದೂ ಕಳಿಸು."

ಅತ್ತಿಗೆ ತಲೆಯಾಡಿಸಿದರು, ಫೋನಿಗೆ ಅದು ಕಾಣುವುದಿಲ್ಲ ಎಂಬುದನ್ನು ಮರೆತು.

"ಮತ್ತೆ, ಆ ಕೂಗಿದ್ದು ಯಾರು? ಅಂಥವರು ಒಬ್ಬರು ಎದುರು ಕೂತಿದ್ದರೆ ವೇಷಕ್ಕೆ ತಾನಾಗಿ ಬಲ ಬರ್ತದೆ."

ಅತ್ತಿಗೆ ನನ್ನನ್ನೇ ನೋಡಿದರು. ಅವರಿಗೆ ಮೊದಲಿನಿಂದ ಗೊತ್ತಿತ್ತು.

"ನಾನು," ಎಂದೆ.

"ಯಾರು? ಸ್ವಲ್ಪ ಜೋರಾಗಿ ಹೇಳು ಮಾರಾಯ್ತಿ, ಕೇಳೂದಿಲ್ಲ."