ಸಾರು ಆರುವ ಹೊತ್ತು

ಬಟ್ಟಲಿಗೆ ಬಡಿಸಿದ ಸಾರು ಆರುವುದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆಂದು ನೀವು ಯಾವತ್ತಾದರೂ ಗಮನಿಸಿದ್ದೀರೋ ಇಲ್ಲವೋ ನಾನರಿಯೆ. ನಾನಂತೂ ಬಹಳ ವರ್ಷಗಳಿಂದ ಗಮನಿಸುತ್ತ ಬಂದಿದ್ದೇನೆ, ಏಕೆಂದರೆ ನಮ್ಮ ಮನೆಯಲ್ಲಿ ನನ್ನ ವಾಗ್ಝರಿಯ ಆಯುಷ್ಯವೂ ಸರಿಯಾಗಿ ಅಷ್ಟೇ. ನೈರೋಬಿಯ ಜುಲೈ ಚಳಿಯಲ್ಲಿ, ಸ್ಪ್ರಿಂಗ್ ವ್ಯಾಲಿಯ ನಮ್ಮ ಹಳೆಯ ಕ್ವಾರ್ಟರ್ಸಿನ ಊಟದ ಮೇಜಿನ ಮೇಲೆ, ನಾನೊಂದು ಸಿದ್ಧಾಂತವನ್ನು ಮಂಡಿಸಿ ಅದಕ್ಕೆ ಎರಡು ಉಪಸಿದ್ಧಾಂತಗಳನ್ನು ಪೋಣಿಸುವಷ್ಟರಲ್ಲಿ ಸಾರಿನ ಮೇಲಿನ ತುಪ್ಪ ಹೆಪ್ಪುಗಟ್ಟಲು ತೊಡಗುತ್ತದೆ. ಆಗ ನನ್ನ ಧರ್ಮಪತ್ನಿ ವತ್ಸಲಾ "ಹೌದು ಹೌದು, ಊಟ ಮಾಡಿ" ಎನ್ನುತ್ತಾಳೆ, ಮಗಳು ಮೇಧಾ ತಲೆ ಆಡಿಸುತ್ತಾಳೆ, ಸಭೆ ಬರಖಾಸ್ತಾಗುತ್ತದೆ.

ಈ "ಹೌದು ಹೌದು" ಎಂಬುದನ್ನು ನಾನು ಮೂವತ್ತು ವರ್ಷ ಸರ್ವಾನುಮತದ ಅಂಗೀಕಾರವೆಂದೇ ತಿಳಿದಿದ್ದೆ. ತಪ್ಪು ನನ್ನದಲ್ಲ, ವೃತ್ತಿಯದು. ಮೈಸೂರಿನಿಂದ ಬಂದು ಇಲ್ಲಿನ ಕಾಲೇಜಿನಲ್ಲಿ ದ್ರವಶಾಸ್ತ್ರ ಕಲಿಸುವವನು ನಾನು. ಕೊಳವೆಯಲ್ಲಿ ನೀರು ಹೇಗೆ ಹರಿಯುತ್ತದೆಂದು ವಿದ್ಯಾರ್ಥಿಗಳಿಗೆ ಹೇಳಿ ಹೇಳಿ, ಎದುರಿಗೆ ಯಾರೇ ಕೂತರೂ ಅವರೆಲ್ಲ ಬರೆದುಕೊಳ್ಳಲಿಕ್ಕೆಂದೇ ಹುಟ್ಟಿದವರೆಂಬ ಭ್ರಾಂತಿ ನನಗೆ ಅಂಟಿಕೊಂಡುಬಿಟ್ಟಿದೆ.

ಮಗಳು ಡಾಕ್ಟರೇಟಿಗೆಂದು ಹಾಲೆಂಡಿನ ಒಂದು ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಹೋದ ಮೇಲೆ ಈ ಭ್ರಾಂತಿಗೆ ಮೊದಲ ಏಟು ಬಿತ್ತು. ಅಲ್ಲಿನ ಸುದ್ದಿಗಳನ್ನು ಅವಳು ಫೋನಿನಲ್ಲಿ ಹೇಳುತ್ತಿದ್ದರೆ ನಾನು ದಂಗಾಗಿ ಕೇಳುತ್ತಿದ್ದೆ. ಮಧ್ಯಾಹ್ನದ ಊಟವೆಂದರೆ ಬ್ರೆಡ್ಡು, ಚೀಸು ಮತ್ತು ಒಂದು ಲೋಟ ಮಜ್ಜಿಗೆಯಂತೆ. ಮಜ್ಜಿಗೆ ಕುಡಿಯುವವರೆಂದು ತಿಳಿದು ವತ್ಸಲಾಗೆ ಆ ಜನರ ಮೇಲೆ ಅಪಾರ ಗೌರವ ಹುಟ್ಟಿತು. ಆದರೆ ಆ ಊಟದ ಮೇಜಿನಲ್ಲೇ, ಬಾಯಲ್ಲಿ ಬ್ರೆಡ್ಡು ಇಟ್ಟುಕೊಂಡೇ, ಮೀಸೆ ಮೂಡದ ವಿದ್ಯಾರ್ಥಿಯೊಬ್ಬ ಪ್ರೊಫೆಸರರನ್ನು ಹೆಸರು ಹಿಡಿದು ಕೂಗಿ, ನಿನ್ನ ಲೆಕ್ಕಾಚಾರ ತಪ್ಪು ಎನ್ನುತ್ತಾನಂತೆ. ಪ್ರೊಫೆಸರರು ಕೆಂಡವಾಗುವ ಬದಲು "ಓಹ್, ಒಳ್ಳೆಯ ಮಾತು" ಎಂದು ಹೇಳಿ, ಮಳೆಯಲ್ಲೇ ಸೈಕಲ್ ತುಳಿದುಕೊಂಡು ಮನೆಗೆ ಹೋಗುತ್ತಾರಂತೆ. ಮರ್ಯಾದೆಗೆಟ್ಟ ಜನ ಎಂದು ನಾನು ಊಟದ ಮೇಜಿನಲ್ಲಿ ಘೋಷಿಸಿದೆ. ಹೌದು ಹೌದು, ಊಟ ಮಾಡಿ, ಎಂದಳು ವತ್ಸಲಾ.

ನಾಲ್ಕು ವರ್ಷ ದುಡಿದು ಪ್ರಬಂಧ ಬರೆದು ಮುಗಿಸಿದ ಮೇಧಾ, ಕೊನೆಯ ಪರೀಕ್ಷೆಗೆ ಮುಂಚೆ ಮೂರು ವಾರ ಮನೆಗೆ ಬಂದಳು. ಬಂದವಳ ಮುಖದಲ್ಲಿ ಕಳೆಯೇ ಇರಲಿಲ್ಲ. ನಗರಗಳ ನೀರಿನ ಕೊಳವೆಗಳಲ್ಲಿ ಸೋರಿಕೆ ಪತ್ತೆಹಚ್ಚುವುದು ಅವಳ ವಿಷಯ; ಕೆಲಸ ಅಚ್ಚುಕಟ್ಟಾಗಿದೆ ಎಂದು ಮಾರ್ಗದರ್ಶಕರೇ ಹೇಳಿದ್ದರು. ತೊಂದರೆ ಬೇರೆಯದೇ ಇತ್ತು. ವಿಭಾಗದಲ್ಲಿ ನಡೆಸಿದ ಅಣಕು ಪರೀಕ್ಷೆಯಲ್ಲಿ ಯಾರು ಏನೇ ಆಕ್ಷೇಪ ಎತ್ತಿದರೂ ಇವಳು ತಲೆ ಆಡಿಸಿದ್ದಳು. ಒಂದಕ್ಕೊಂದು ತದ್ವಿರುದ್ಧವಾದ ಎರಡು ಆಕ್ಷೇಪಗಳನ್ನೂ ಒಪ್ಪಿಕೊಂಡುಬಿಟ್ಟಿದ್ದಳು. ಹೀಗೆ ಒಪ್ಪುತ್ತ ಹೋದರೆ ಈ ಕೆಲಸ ನಿನ್ನದೇ ಎಂದು ಯಾರೂ ನಂಬಲಾರರು ಎಂದು ಮಾರ್ಗದರ್ಶಕರು ಎಚ್ಚರಿಸಿದ್ದರು. "ಸಮ್‌ವನ್ ಓಲ್ಡರ್ ಸ್ಪೀಕ್ಸ್, ಐ ಜಸ್ಟ್ ಫ್ರೀಜ್, ಅಪ್ಪಾ" ಎಂದಳು, ನೈರೋಬಿಯಲ್ಲಿ ಬೆಳೆದ ಮಕ್ಕಳು ಕನ್ನಡದ ಪ್ರಶ್ನೆಗೆ ಉತ್ತರಿಸುವ ಮಾಮೂಲು ಭಾಷೆಯಲ್ಲಿ. ಹೇಳುತ್ತ ಹೇಳುತ್ತ ಅತ್ತೇಬಿಟ್ಟಳು.

ಆ ಪರೀಕ್ಷೆಯ ವಿಧಿವಿಧಾನಗಳನ್ನು ನೀವು ಕೇಳಬೇಕು. ಪ್ರೊಫೆಸರರೆಲ್ಲ ಕಪ್ಪು ನಿಲುವಂಗಿ ತೊಟ್ಟು ಸಾಲಾಗಿ ಕೂರುತ್ತಾರೆ. ನಾಲ್ಕು ವರ್ಷ ಹೆಸರು ಹಿಡಿದು ಕರೆದವರನ್ನು ಅಂದು ಮಾತ್ರ "ಮಹಾವಿದ್ವಾಂಸರಾದ ಪ್ರತಿವಾದಿಗಳೇ" ಎಂದು ಸಂಬೋಧಿಸಬೇಕು. ಅಭ್ಯರ್ಥಿಯ ಧೈರ್ಯಕ್ಕೆ ಇಬ್ಬರು ಸಂಗಾತಿಗಳು ಪಕ್ಕದಲ್ಲೇ ಇರಬಹುದು. ವಾದ ಶುರುವಾಗಿ ಒಂದು ಗಂಟೆ ತುಂಬಿದ್ದೇ ತಡ, ದಂಡಧಾರಿಯೊಬ್ಬರು ಒಳಗೆ ಬಂದು ಗೆಜ್ಜೆ ಕಟ್ಟಿದ ದಂಡವನ್ನು ನೆಲಕ್ಕೆ ಕುಟ್ಟಿ "ಹೋರಾ ಎಸ್ಟ್", ಅಂದರೆ ಹೊತ್ತಾಯಿತು, ಎಂದು ಲ್ಯಾಟಿನ್ನಿನಲ್ಲಿ ಸಾರುತ್ತಾರೆ. ಆಗ ಎಂಥ ಪಂಡಿತನೇ ಆಗಲಿ, ವಾಕ್ಯದ ನಡುವೆಯೇ ಬಾಯಿ ಮುಚ್ಚಬೇಕು. ಇದನ್ನು ಕೇಳಿದಾಗ ವತ್ಸಲಾಳ ಕಣ್ಣು ಹೊಳೆದದ್ದನ್ನು ನಾನು ಕಂಡೆ. ರುಂಡಾ ಬಡಾವಣೆಯ ಗೆಳೆಯರ ಮನೆಯಲ್ಲಿ ಕನ್ನಡ ಕೂಟ ಸೇರಿದಾಗಲೆಲ್ಲ ನಾನು ಮಾಡುವ ಭಾಷಣಗಳು ಅವಳಿಗೆ ನೆನಪಾಗಿರಬೇಕು.

ಇನ್ನೊಂದು ಪದ್ಧತಿಯೂ ಉಂಟು. ಪ್ರಬಂಧದ ಜೊತೆಗೆ ಹತ್ತು ಪ್ರತಿಪಾದನೆಗಳನ್ನು ಅಚ್ಚು ಹಾಕಿಸಿ ಕೊಡಬೇಕು. ಪ್ರತಿಯೊಂದೂ ವಿರೋಧಿಸಲು ಸಾಧ್ಯವಾಗುವಂತಿರಬೇಕು, ಸಮರ್ಥಿಸಲೂ ಬರಬೇಕು; ಕೆಲವು ವಿಷಯಕ್ಕೆ ಸಂಬಂಧವೇ ಇಲ್ಲದ ಲೋಕಾಭಿರಾಮದ ಮಾತುಗಳಾದರೂ ಸರಿ. ಮೇಧಾ ನನಗೆ ಒಂಬತ್ತನ್ನು ತೋರಿಸಿದಳು. ಹತ್ತನೆಯದನ್ನು ಇನ್ನೂ ತಿದ್ದುತ್ತಿದ್ದೇನೆ ಎಂದು ಲ್ಯಾಪ್‌ಟಾಪ್ ಮುಚ್ಚಿದಳು.

ಮನೆಯಲ್ಲೇ ತಾಲೀಮು ನಡೆಸೋಣವೆಂದು ನಾನೇ ಸೂಚಿಸಿದೆ. ಭಾನುವಾರ ಹನ್ನೆರಡಕ್ಕೆ ಸರಿಯಾಗಿ, ನುಸಿಗುಳಿಗೆಯ ವಾಸನೆ ಹೊಡೆಯುವ ನನ್ನ ಘಟಿಕೋತ್ಸವದ ನಿಲುವಂಗಿ ಧರಿಸಿ ಊಟದ ಮೇಜಿನ ತುದಿಯಲ್ಲಿ ವಿರಾಜಮಾನನಾದೆ. ಮೇಧಾಳ ಸಂಗಾತಿಯಾಗಿ, ಅವಳನ್ನು ಎತ್ತಿ ಆಡಿಸಿದ, ಇಪ್ಪತ್ತೈದು ವರ್ಷಗಳಿಂದ ನಮ್ಮ ಅಡುಗೆಮನೆಯ ಅರ್ಧ ರಾಜ್ಯವಾಳುವ ವಂಜಿರು ಕೂತಳು. ನಮ್ಮ ಕನ್ನಡ ಅವಳಿಗೆ ಚೆನ್ನಾಗಿ ಅರ್ಥವಾಗುತ್ತದೆ, ಉತ್ತರ ಮಾತ್ರ ಸ್ವಾಹಿಲಿಯಲ್ಲಿ. ದಂಡಧಾರಿಯ ಪಾತ್ರ ವತ್ಸಲಾಳದು. ದಂಡದ ಬದಲು ಲಟ್ಟಣಿಗೆ, ಗೆಜ್ಜೆಯ ಬದಲು ದೇವರಮನೆಯ ಗಂಟೆ.

ಮೊದಲರ್ಧ ಗಂಟೆ ನನಗೆ ಪರಮಾನಂದ. ಸ್ವಂತ ಮಗಳ ಬಾಯಲ್ಲಿ ಮಹಾವಿದ್ವಾಂಸ ಎನಿಸಿಕೊಳ್ಳುವ ಯೋಗ ಎಷ್ಟು ಜನಕ್ಕಿದೆ ಹೇಳಿ! ಆದರೆ ನಾನೇನು ಆಕ್ಷೇಪಿಸಿದರೂ ಅವಳು "ಯೂ ಮೇ ಬಿ ರೈಟ್" ಎನ್ನುತ್ತಿದ್ದಳು. ಪರೀಕ್ಷಿಸೋಣವೆಂದು, ಸೋಮವಾರದ ನೀರು ಮಂಗಳವಾರದ ನೀರಿಗಿಂತ ಭಾರವಾಗಿರುವುದನ್ನು ನಿಮ್ಮ ಲೆಕ್ಕದಲ್ಲಿ ಕೈಬಿಟ್ಟಿದ್ದೀರಲ್ಲ ಎಂದೆ. ಅದಕ್ಕೂ ಅವಳು ತಲೆ ಆಡಿಸಿದಳು. ನನಗೆ ಸಿಟ್ಟು ನೆತ್ತಿಗೇರಿತು, ಮರುಕ್ಷಣವೇ ನಾಚಿಕೆಯಾಯಿತು. ಆ ಕತ್ತನ್ನು ಹಾಗೆ ಪಳಗಿಸಿದವನು ಇದೇ ಮೇಜಿನ ತುದಿಯಲ್ಲಿ ಕೂತ ನಾನೇ ಅಲ್ಲವೇ?

ಅಷ್ಟರಲ್ಲಿ ವತ್ಸಲಾ, ದಂಡಧಾರಿಗೆ ಮಾತಾಡುವ ಹಕ್ಕಿಲ್ಲವೆಂಬ ನಿಯಮವನ್ನು ಗಾಳಿಗೆ ತೂರಿ, "ಮೇಧಾ, ಆ ಹತ್ತನೇದು ಓದೇ. ಅಪ್ಪ ಏನೂ ಅನ್ನಲ್ಲ" ಎಂದಳು.

ಮೇಧಾ ಓದಿದಳು. ಅದರ ಸಾರಾಂಶ ಇಷ್ಟು: ಊಟದ ಮೇಜಿನಲ್ಲಿ ಅಪ್ಪನ ಮಾತನ್ನು ಯಾರೂ ಅಲ್ಲಗಳೆಯದಿರುವುದು ಅದು ಸತ್ಯವೆಂದಲ್ಲ, ಸಾರು ಆರುತ್ತದೆಂದು.

ನಾನು ನಿಲುವಂಗಿಯನ್ನು ಸರಿಪಡಿಸಿಕೊಂಡು, ಆಧಾರ ಎಲ್ಲಿ, ಎಂದು ಗರ್ಜಿಸಿದೆ.

ಅವಳು ಎದ್ದು ಹೋಗಿ ಹಳೆಯ ಶಾಲಾ ನೋಟ್‌ಬುಕ್ ತಂದಳು. ನನ್ನ ಕುರ್ಚಿಯ ಹಿಂದಿನ ಗೋಡೆಯಲ್ಲಿ ಆಗೆಲ್ಲ ಒದ್ದೆ ಕಲೆಯೊಂದು ಮೂಡುತ್ತಿತ್ತು. ಅದು ನೆಲದಿಂದ ಮೇಲೇರುವ ತೇವವೆಂದು ದ್ರವಶಾಸ್ತ್ರಜ್ಞನಾದ ನಾನು ಆಧಾರಸಹಿತ ನಿರೂಪಿಸಿ, ಇಂಡಸ್ಟ್ರಿಯಲ್ ಏರಿಯಾದ ಟ್ರಾಫಿಕ್ ಜಾಮಿನಲ್ಲಿ ಬೆವರು ಸುರಿಸಿ ಸಿಮೆಂಟು ತಂದು, ಮೂರು ಸಲ ಗಾರೆ ಮಾಡಿಸಿದ್ದೆ. ಹನ್ನೆರಡು ವರ್ಷದ ಮೇಧಾ ಆ ಕಲೆಯ ಅಂಚಿಗೆ ದಿನಾ ಪೆನ್ಸಿಲ್ ಗೀಟು ಎಳೆದು ಈ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಳು: ಛಾವಣಿಯ ಟ್ಯಾಂಕು ತುಂಬಿದ ದಿನ ಕಲೆ ಬೆಳೆಯುತ್ತದೆ, ನಲ್ಲಿಯಲ್ಲಿ ನೀರು ಬಾರದ ದಿನ ಬೆಳೆಯುವುದಿಲ್ಲ. ಸೋರುತ್ತಿದ್ದದ್ದು ನಾನೇ ನಿಂತು ಜೋಡಿಸಿದ ಟ್ಯಾಂಕಿನ ಕೊಳವೆ.

"ಮಹಾವಿದ್ವಾಂಸರಾದ ಪ್ರತಿವಾದಿಗಳೇ" ಎಂದಳು, ಈ ಸಲ ಅಚ್ಚ ಕನ್ನಡದಲ್ಲಿ, ದನಿ ನಡುಗಿದರೂ ನಿಲ್ಲಿಸದೆ. "ನೀವು ಹೇಳಿದ್ದು ತಪ್ಪು. ನಂಗೆ ಆಗ್ಲೇ ಗೊತ್ತಿತ್ತು. ಹೇಳೋಕೆ ಹೆದರಿಕೆ ಆಗಿತ್ತು, ಅಪ್ಪಾ."

"ಹಾತಾ ಮಿಮಿ ನಿಲಿಜುವಾ" ಎಂದಳು ವಂಜಿರು. ನನಗೂ ಗೊತ್ತಿತ್ತು ಎಂದರ್ಥ. ಒಬ್ಬಳು ಸಾಲದೆಂದು ಇವಳೂ!

ನಾನು ಎದ್ದು ನಿಂತು, "ಆದರೆ ಆ ಕಾಲದ ಸಿಮೆಂಟಿನ ಗುಣಮಟ್ಟವನ್ನು ನಾವು..." ಎನ್ನುತ್ತಿದ್ದಂತೆ ಲಟ್ಟಣಿಗೆ ಮೇಜಿಗೆ ಬಡಿಯಿತು, ಗಂಟೆ ಅಲ್ಲಾಡಿತು, "ಹೋರಾ ಎಸ್ಟ್! ಏಳಿ ಊಟಕ್ಕೆ" ಎಂದಳು ವತ್ಸಲಾ. ಗಡಿಯಾರದಲ್ಲಿ ಇನ್ನೂ ಎಂಟು ನಿಮಿಷ ಬಾಕಿ ಇತ್ತು.

ಮರುದಿನ ಪ್ರತಿಪಾದನೆಗಳು ಅಚ್ಚಿಗೆ ಹೋಗಬೇಕಿತ್ತು. ಹತ್ತನೆಯದನ್ನು ತೆಗೆದುಬಿಡಲೇ ಎಂದು ಮೇಧಾ ಕೇಳಿದಳು. ತೆಗೆ ಎನ್ನಲು ನಾಲಿಗೆ ತುರಿಸಿತು, ಸುಳ್ಳು ಹೇಳಲಾರೆ. ಪ್ರಪಂಚದ ಪ್ರೊಫೆಸರರ ಮುಂದೆ ನನ್ನ ಮಾನ ಹರಾಜಾಗುವುದಿತ್ತು. ಆದರೆ ಅವಳು ಬದುಕಿನಲ್ಲಿ ಮೊದಲ ಬಾರಿಗೆ ಒಬ್ಬ ಹಿರಿಯನಿಗೆ ತಪ್ಪು ಎಂದಿದ್ದಳು. ಇರಲಿ ಬಿಡು, ಎಂದೆ.

ಸಮಾರಂಭಕ್ಕೆ ನಾವು ಹೋಗಲಾಗಲಿಲ್ಲ. ವೀಸಾ ಒಂದೇ ವಾರದಲ್ಲಿ ಬರುತ್ತದೆ, ಈಗಲೇ ಅರ್ಜಿ ಹಾಕುವ ಅಗತ್ಯವಿಲ್ಲ ಎಂದು ನಾನು ಊಟದ ಮೇಜಿನಲ್ಲಿ ಹೇಳಿದ್ದೆ, ಯಾರೂ ಅಲ್ಲಗಳೆದಿರಲಿಲ್ಲ. ಹೀಗಾಗಿ ಅದೇ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ತಟ್ಟೆಯಲ್ಲಿ ಅನ್ನ, ಬಟ್ಟಲಲ್ಲಿ ಸಾರು ಹಾಕಿಸಿಕೊಂಡು ನೇರಪ್ರಸಾರ ನೋಡಿದೆವು. ಬಿಳಿಗೂದಲಿನ ಪ್ರೊಫೆಸರರೊಬ್ಬರು ಎದ್ದು, ನಿನ್ನ ನಾಲ್ಕನೆಯ ಅಧ್ಯಾಯದ ಬುನಾದಿಯೇ ಸಡಿಲ ಎಂದರು. ಮೇಧಾಳ ಕತ್ತು ಬಾಗತೊಡಗಿತು. ವಂಜಿರು ಸೆರಗಿಲ್ಲದ್ದಕ್ಕೆ ಅಡುಗೆಬಟ್ಟೆಯನ್ನೇ ಬಾಯಿಗೆ ಒತ್ತಿಕೊಂಡಳು. ಕತ್ತು ಅರ್ಧಕ್ಕೇ ನಿಂತಿತು.

"ಮಹಾವಿದ್ವಾಂಸರಾದ ಪ್ರತಿವಾದಿಗಳೇ, ಇಲ್ಲ, ನಾನು ಒಪ್ಪುವುದಿಲ್ಲ" ಎಂದಳು ಇಂಗ್ಲಿಷಿನಲ್ಲಿ, ಆಮೇಲೆ ಕಾರಣಗಳನ್ನು ಒಂದೊಂದಾಗಿ ಬಿಡಿಸಿಟ್ಟಳು. ನನ್ನ ಕಣ್ಣು ತುಂಬಿ ಬಂದು ಪರದೆಯೇ ಮಸುಕಾಯಿತು. ಅದೇ ಪ್ರೊಫೆಸರರು ಕೊನೆಗೆ ನಗುತ್ತ, ಹತ್ತನೆಯ ಪ್ರತಿಪಾದನೆಗೆ ನಿನ್ನ ತಂದೆಯ ಒಪ್ಪಿಗೆಯಿದೆಯೇ ಎಂದು ಕೇಳಿದರು. ಅವಳು ನೇರವಾಗಿ ಕ್ಯಾಮೆರಾ ನೋಡಿ, ಅವರ ಆಕ್ಷೇಪ ಇನ್ನೂ ಮುಗಿದಿಲ್ಲ, ನೈರೋಬಿಯಲ್ಲಿ ನೋಡುತ್ತ ಕೂತಿದ್ದಾರೆ, ಅವರ ಸಾರು ಆರುತ್ತಿದೆ, ಎಂದಳು. ಸಭೆ ಗೊಳ್ಳೆಂದಿತು. ಪ್ರೊಫೆಸರರು ಮತ್ತೇನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ದಂಡ ನೆಲಕ್ಕೆ ಬಡಿಯಿತು.

ಕಣ್ಣೊರೆಸಿಕೊಂಡದ್ದನ್ನು ಮರೆಮಾಚಲು ನಾನು ಗಂಟಲು ಸರಿಮಾಡಿಕೊಂಡು, ವಾಸ್ತವವಾಗಿ ಸ್ಟೀಲಿನ ಬಟ್ಟಲಲ್ಲಿ ಸಾರು ಅಷ್ಟು ಬೇಗ ಆರುವುದಿಲ್ಲ, ಅದಕ್ಕೊಂದು ಶಾಸ್ತ್ರವಿದೆ, ಎಂದು ಶುರುಮಾಡಿ, ಅಭ್ಯಾಸಬಲದಿಂದ "ಹೌದು ಹೌದು"ಗೆ ಕಾದೆ.

ವತ್ಸಲಾ ನನ್ನ ಬಟ್ಟಲನ್ನು ಮುಟ್ಟಿ ನೋಡಿದಳು. "ತಪ್ಪು ಕಣ್ರೀ" ಎಂದಳು. "ತಣ್ಣಗೆ ಕೊರೀತಿದೆ. ಕೊಡಿ ಇಲ್ಲಿ, ಬಿಸಿ ಮಾಡ್ಕೊಂಡು ಬರ್ತೀನಿ."

ನಾನು ಬಟ್ಟಲು ಕೊಟ್ಟೆ.