ಪಾಳಿಯ ಕಾಯಿ

ನಮ್ಮದು ಭಾಲ್ಕಿ ತಾಲೂಕಿನ ಹಲಬರ್ಗಾ. ಸೋಯಾ ಒಕ್ಕಿ ರಾಶಿ ಮಾಡುವ ಮಷೀನು ನಮ್ಮ ಮನೆಯದು. ಓಡಿಸುವವರು ಯಜಮಾನರು, ಯಾರ ಹೊಲಕ್ಕೆ ಯಾವಾಗ ಎಂದು ಹೇಳುವವಳು ನಾನು. ನನ್ನ ಬಾಯಿ ಜೋರು ಅಂತ ಊರೆಲ್ಲ ಆಡಿಕೊಳ್ಳುತ್ತದೆ. ಜೋರಿಲ್ಲದಿದ್ದರೆ ಸುಗ್ಗಿಯಲ್ಲಿ ಈ ಕೆಲಸ ನಡೆಯುತ್ತದೇನು?

ಪಾಳಿ ಹಿಡಿಯಲು ನಮ್ಮಲ್ಲಿ ಚೀಟಿಗೀಟಿ ಇಲ್ಲ. ರಾಶಿ ಮಾಡಿಸುವವರು ಒಂದು ತೆಂಗಿನಕಾಯಿ ತಂದು ಕೊಡುತ್ತಾರೆ. ಅತ್ತೆ ಅದನ್ನು ದೇವರ ಕೋಣೆಯ ಹಲಗೆಯ ಮೇಲೆ ಸಾಲಾಗಿ ಇಡುತ್ತಾರೆ. ಸಾಲಿನ ಮೊದಲ ಕಾಯಿ ಯಾರದೋ ಮಷೀನು ಮೊದಲು ಅವರ ಹೊಲಕ್ಕೆ. ಅಲ್ಲೇ ಆ ಕಾಯಿ ಒಡೆದು ರಾಶಿ ಶುರು ಮಾಡುತ್ತೇವೆ.

ಮಷೀನು ತಂದ ಎರಡನೇ ಸುಗ್ಗಿ. ನೌಬಾದದಿಂದ ಬೀಗರು ಬಂದರು. ಅವರಿಗೆ ಇಡ್ಲಿ ಬೇಕಂತೆ. ಶೇಂಗಾ ಚಟ್ನಿ ಹಚ್ಚಿಕೊಂಡು ತಿನ್ನಬಾರದೇ? ಇಲ್ಲ, ತೆಂಗಿನಕಾಯಿಯದೇ ಆಗಬೇಕು. ಅತ್ತೆ ಔರಾದಿಗೆ, ಮಗಳ ಮನೆಗೆ ಹೋಗಿದ್ದರು. ಗಡಿಬಿಡಿಯಲ್ಲಿ ನಾನು ಹಲಗೆಯ ಮೇಲಿನ ಒಂದು ಕಾಯಿ ಎತ್ತಿ ಒಡೆದೇಬಿಟ್ಟೆ. ಹಳೆಯದು ಮೊದಲು ಖರ್ಚಾಗಲಿ ಎಂಬ ಅಡುಗೆಮನೆಯ ಬುದ್ಧಿ ನೋಡಿ, ಎತ್ತಿದ್ದು ಸಾಲಿನ ಮೊದಲನೆಯದನ್ನೇ! ಚಟ್ನಿ ಮಾತ್ರ ಭಲೇ ಆಗಿತ್ತು.

ಆ ಕಾಯಿ ಕುರಿ ಸಾಕಿಕೊಂಡಿದ್ದ ಒಬ್ಬ ವಯಸ್ಸಾದ ವಿಧವೆಯದು, ನಾವೆಲ್ಲ ಆಯಿ ಅನ್ನುತ್ತೇವೆ. ಆಕೆಗಿದ್ದದ್ದು ಒಂದೂವರೆ ಎಕರೆ, ಬಣವೆಗೆ ಹೊದಿಸಿದ್ದು ಹರಕು ತಾಡಪತ್ರಿ. ಅದರ ಹಿಂದಿನ ಕಾಯಿ ಮೂವತ್ತು ಎಕರೆಯ ಸಾಹುಕಾರರದು.

ಮರುದಿನ ಬೆಳಿಗ್ಗೆ ಮೋಡ ಕವಿಯಿತು. ಸಾಹುಕಾರರು ಬಂದವರೇ ದೇವರ ಕೋಣೆಗೆ ಇಣುಕಿದರು.

"ನನ್ನ ಕಾಯಿನೇ ಮೊದಲ ಅದಲ್ರಿ. ಮಷೀನ್ ಕಳಸ್ರಿ."

ಯಜಮಾನರು ನನ್ನನ್ನು ಪಕ್ಕಕ್ಕೆ ಕರೆದರು. "ಮೂರು ದಿನ ಒಂದೇ ಕಡಿ ಕೆಲಸ ಸಿಗ್ತದ. ಆಕೀದು ಆಮ್ಯಾಲ ಮಾಡಿದ್ರಾತು. ಯಾರಿಗಿ ಗೊತ್ತಾಗ್ತದ?"

ಲೆಕ್ಕ ತಪ್ಪಿರಲಿಲ್ಲ. ನಾನೂ ಒಂದು ಗಳಿಗೆ ಹೂಂ ಅನ್ನುವವಳೇ ಇದ್ದೆ. ಆದರೆ ನನ್ನ ಅಪ್ಪನ ಎರಡು ಎಕರೆ ನೆನಪಾಯಿತು. ಮಷೀನಿನವರು ದೊಡ್ಡ ಹೊಲಗಳನ್ನೆಲ್ಲ ಮುಗಿಸಿ ಕಡೆಗೆ ನಮ್ಮಲ್ಲಿಗೆ ಬರುತ್ತಿದ್ದರು. ಒಂದು ವರ್ಷ ಬರುವಷ್ಟರಲ್ಲಿ ಮಳೆ ಬಿದ್ದು ಬಣವೆಯಲ್ಲೇ ಕಾಳು ಮೊಳೆತವು. ಅವ್ವ ದಿನವಿಡೀ ಕೂತು ಮೊಳಕೆ ಬಂದದ್ದನ್ನು ಆರಿಸಿದಳು. ಆ ಸಿಟ್ಟಿಗೇ ನಾನು ಗಂಡನ ಬೆನ್ನು ಹತ್ತಿ ಮಷೀನು ಕೊಳ್ಳಿಸಿದ್ದು. ಈಗ ನಾನೇ ಇನ್ನೊಬ್ಬಳನ್ನು ಹಿಂದಕ್ಕೆ ತಳ್ಳಲು ನಿಂತಿದ್ದೆ. ನಾಚಿಕೆಯಾಯಿತು.

"ಸಾವ್ಕಾರ್ರೇ, ಮೊದಲನೇ ಕಾಯಿ ಚಟ್ನಿ ಆಗಿ ನನ್ನ ಹೊಟ್ಟ್ಯಾಗ ಅದರಿ," ಎಂದೆ. "ಪಾಳಿ ಅಲ್ಲಿಂದೇ ಸುರು."

"ಚಟ್ನಿ ತಿಂದು ನನಗ ನ್ಯಾಯ ಹೇಳ್ತೀರೇನು? ಔರಾದದಿಂದ ಮಷೀನ್ ತರಸ್ತೇನಿ!" ತಮ್ಮ ಕಾಯಿ ಎತ್ತಿಕೊಂಡು ಹೊರಟೇಹೋದರು.

ಯಜಮಾನರು ಮುಖ ಗಂಟಿಕ್ಕಿಕೊಂಡೇ ಟ್ರ್ಯಾಕ್ಟರ್ ಚಾಲೂ ಮಾಡಿದರು. ಅವರು ಹಾಗೆಯೇ. ಬೈಯುತ್ತಾರೆ, ಮಾಡುತ್ತಾರೆ.

ಆಯಿಯ ಹೊಲದಲ್ಲಿ ಒಡೆಯಲು ಕಾಯಿಯೇ ಇಲ್ಲ. "ಆಯಿ, ನಿಮ್ಮ ಕಾಯಿ ನಾನೇ ತಿಂದೇನ್ರಿ," ಎಂದು ಹೇಳಿಬಿಟ್ಟೆ. ಆಕೆ ಬಾಯಿಗೆ ಸೆರಗು ಹಿಡಿದು ನಕ್ಕರು. "ರುಚಿ ಇತ್ತೇನ್ ಯವ್ವಾ?"

ಮಧ್ಯಾಹ್ನದೊಳಗೆ ರಾಶಿ ಮುಗಿಯಿತು. ಕಡೆಯ ಚೀಲ ಗುಡಿಸಲು ಸೇರುತ್ತಿದ್ದಂತೆ ಮಳೆ ಧೋ ಎಂದು ಸುರಿಯಿತು. ಗುಡಿಸಲಲ್ಲಿ ಕುರಿಗಳ ನಡುವೆ ಒತ್ತಿಕೊಂಡು ನಿಂತೆವು. ಯಜಮಾನರು ಚೀಲಗಳನ್ನು ನೋಡಿದರು, ನನ್ನನ್ನು ನೋಡಿದರು.

"ನಿನ್ನ ಬಾಯಿ ಜೋರ್ ಇದ್ದದ್ದೇ ಛಲೋ ಆತು ನೋಡು," ಎಂದರು. ಹಾಂ, ಅಷ್ಟು ಖುಷಿ ನನಗೆ ಮಷೀನು ಮನೆಗೆ ಬಂದ ದಿನವೂ ಆಗಿರಲಿಲ್ಲ.

ಸಾಹುಕಾರರು ನಾಲ್ಕನೇ ದಿನ ಅದೇ ಕಾಯಿ ಹಿಡಿದು ಬಂದರು. ಔರಾದಿನ ಮಷೀನಿಗೂ ಪಾಳಿ ಇತ್ತಂತೆ. ಅವರ ತಾಡಪತ್ರಿ ಗಟ್ಟಿ, ಬಣವೆಗೆ ಏನೂ ಆಗಿರಲಿಲ್ಲ. ಊರಿಂದ ಮರಳಿದ್ದ ಅತ್ತೆ ಆ ಕಾಯಿಯನ್ನು ಸಾಲಿನ ಕೊನೆಗೆ ಇಟ್ಟರು. ಸಾಹುಕಾರರು ನನ್ನನ್ನೊಮ್ಮೆ ನೋಡಿ, ಚಪ್ಪಲಿ ಮೆಟ್ಟಿಕೊಂಡು ಹೊರಟರು.

ಈಗ ಬೀದರಿನಿಂದ ಇನ್ನೊಂದು ಮಷೀನು ತಂದಿದ್ದೇವೆ. ಹಲಗೆ ಮಾತ್ರ ಅದೇ.

ಆ ಸುಗ್ಗಿಯ ಮರುವರ್ಷ, ಸೋಯಾ ಇನ್ನೂ ಹಸಿರಿರುವಾಗಲೇ ಆಯಿ ಬಂದಿದ್ದರು. ಸೆರಗಿನಿಂದ ಎರಡು ಕಾಯಿ ತೆಗೆದರು.

"ಪಾಳಿಗಿ ಒಂದೇ ಸಾಕಲ್ರಿ ಆಯಿ," ಎಂದೆ.

ಒಂದನ್ನು ಅತ್ತೆಯ ಕೈಗೆ ಕೊಟ್ಟರು. ಇನ್ನೊಂದನ್ನು ನನ್ನ ಉಡಿಗೆ ಹಾಕಿದರು.

"ಅದು ಪಾಳೀದು. ಇದು ನಿನ್ನ ಚಟ್ನೀದು."